ಗಾಜಮ್ಮನ ರೇಟು

ಒಂದೇ ಕಟ್ಟಡದ ಒಂದೇ ಮಹಡಿಯ ಇಬ್ಬರು ಗಿರಾಕಿಗಳು ಒಂದೇ ಬೆಳಿಗ್ಗೆ ಬಿಲ್ಲು ಹಿಡಿದು ಬಂದು ಬಾಗಿಲಲ್ಲಿ ನಿಂತರು. ಯಜಮಾನರ ಕಣ್ಣಳತೆಯ ಕಾಲ ಅವತ್ತಿಗೆ ಮುಗಿಯಿತು.

ಮನೆ ಸಾಮಾನು ಸಾಗಿಸುವ ಕಂಪನಿ ಅವರದು. ಎರಡು ಲಾರಿ, ಆರು ಜನ ಹಮಾಲರು, ಅವರ ಮೇಲೊಬ್ಬ ಮೇಸ್ತ್ರಿ. ಮನೆಯ ಮುಂದಿನ ಕೋಣೆಯೇ ಆಫೀಸು. ಗಿರಾಕಿಯ ಮನೆಗೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ, ಮೀಸೆಯ ತುದಿ ಮುಟ್ಟಿ ಯಜಮಾನರು ಒಂದು ಮೊತ್ತ ಹೇಳುತ್ತಿದ್ದರು. ಅದೇ ರೇಟು, ಅದೇ ಬಿಲ್ಲು.

"ಇವರಿಗೆ ಒಂಬತ್ತು ಸಾವಿರ, ನನಗೆ ಹದಿಮೂರೂವರೆ," ಎಂದ ಗಿರಾಕಿಗಳಲ್ಲಿ ಒಬ್ಬ. "ಅವರದೂ ಮೂರನೇ ಮಹಡಿ, ನಂದೂ ಮೂರನೇ ಮಹಡಿ. ಅವರಿಗೂ ಎರಡು ಕೋಣೆ, ನನಗೂ ಎರಡೇ. ನನ್ನ ಹಣೆ ಮೇಲೇನಾದ್ರೂ ಬರ್ದಿದೆಯಾ ಸ್ವಾಮಿ?"

"ನಿಮ್ಮ ಬೀರು ಭಾರ ಇತ್ತು," ಎಂದರು ಯಜಮಾನರು.

"ನನ್ನ ಹತ್ರ ಬೀರೂನೇ ಇಲ್ಲ!"

ಒಳಬಾಗಿಲ ಹಿಂದೆ ಚಹಾದ ತಟ್ಟೆ ಹಿಡಿದು ನಿಂತಿದ್ದ ಗಾಜಮ್ಮನಿಗೆ ನಗು ತಡೆಯಲಾಗಲಿಲ್ಲ. ಒಂಬತ್ತು ಸಾವಿರದವನು ಯಜಮಾನರ ಲಾರಿಯನ್ನು ಹೊಗಳಿದ್ದ. "ಮದುಮಗಳ ಹಾಗಿದೆ" ಅಂದಿದ್ದ. ಹದಿಮೂರೂವರೆಯವನು ಏನೂ ಅಂದಿರಲಿಲ್ಲ. ವ್ಯತ್ಯಾಸ ಅಷ್ಟೇ.

ಗಾಜಮ್ಮ ಎಂದರೆ ಯಜಮಾನರ ಹೆಂಡತಿ. ಆ ಹೆಸರು ಇಟ್ಟವರು ಹಮಾಲರು. ಇಪ್ಪತ್ತಾರು ವರ್ಷಗಳಿಂದ ಕಂಪನಿಗೆ ಬಂದ ಪ್ರತಿ ಮನೆಯ ಅಡುಗೆಮನೆಯ ಸಾಮಾನು ಕಟ್ಟಿದ್ದು ಆಕೆ. ಲೋಟ, ಬಟ್ಟಲು, ಉಪ್ಪಿನ ಜಾಡಿ, ಯಾರದೋ ಅಜ್ಜಿಯ ಕಾಲದ ಪಿಂಗಾಣಿ ತಟ್ಟೆ, ಎಲ್ಲವೂ ಆಕೆಯ ಕೈಯಲ್ಲಿ ಹಳೆಯ ಪತ್ರಿಕೆ ಸುತ್ತಿಕೊಂಡು ಡಬ್ಬ ಸೇರುತ್ತಿದ್ದವು. ಒಡೆದದ್ದು ಬೆರಳೆಣಿಕೆ. ಸೊಸೆ ಬಂದ ಮೇಲೆ, ಈ ಆರು ವರ್ಷ, ಅವಳೂ ಜೊತೆಗಿರುತ್ತಿದ್ದಳು.

ಗಿರಾಕಿಗಳು ಹೋದ ಮೇಲೆ ಊಟಕ್ಕೆ ಕೂತಾಗ ಮಗ ಮಾತು ತೆಗೆದ. ದೊಡ್ಡ ಲಾರಿ ಓಡಿಸುವವನು ಅವನೇ.

"ಅಪ್ಪಾ, ಇನ್ಮೇಲೆ ಬಿಲ್ಲು ಕಂಪ್ಯೂಟರಿಂದ ಬರಲಿ. ಸೂತ್ರ ಹಾಕಿಬಿಡೋಣ. ಸಾಮಾನಿನ ಪಟ್ಟಿ ತುಂಬಿಸಿದ್ರೆ ಮೊತ್ತ ತಾನೇ ಬರುತ್ತೆ."

"ನನ್ನ ಕಣ್ಣು ಹೋಗಿದ್ಯಾ?"

"ಕಣ್ಣು ಸರಿಯಾಗೇ ಇದೆ. ಕಿವಿನೇ ತೊಂದರೆ. ಯಾರು ಹೊಗಳಿದ್ರೂ ಕೇಳಿಸಿಬಿಡುತ್ತೆ."

ಸೊಸೆ ತಲೆ ತಗ್ಗಿಸಿ ಅನ್ನ ಕಲಸಿದಳು. ಯಜಮಾನರು ತಟ್ಟೆ ಸರಿಸಿ ಎದ್ದರು. ಆದರೆ ಆ ಹದಿಮೂರೂವರೆಯವನಿಗೆ ನಾಲ್ಕೂವರೆ ಸಾವಿರ ವಾಪಸು ಕೊಡಬೇಕಾಯಿತು. ಅದರ ಮರುದಿನ ಅವರೇ, "ಮಾಡಿ ನೋಡಿ ಅದೇನು ಮಾಡ್ತೀರೋ," ಎಂದರು.

ಮಾಡುವ ಕೆಲಸ ಸೊಸೆಯ ಪಾಲಿಗೆ ಬಂತು. ಮಗು ಹುಟ್ಟುವ ಮೊದಲು ಅವಳು ಔಷಧಿಯ ಸಗಟು ಅಂಗಡಿಯೊಂದರಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತರೆ ಎರಡು ಗಂಟೆ ಏಳುತ್ತಿರಲಿಲ್ಲ.

"ಬೀನ್ಸ್ ಎಲ್ಲಿ ಹೆಚ್ಚಲಿ? ನಿನ್ನ ಕಂಪ್ಯೂಟರ್ ಮೇಲೆ ಹೆಚ್ಚಲಾ?" ಎಂದು ಗಾಜಮ್ಮ ಮೂರು ದಿನ ಗೊಣಗಿದಳು. ನಾಲ್ಕನೇ ದಿನ ಮೊರ ತೊಡೆಯ ಮೇಲಿಟ್ಟುಕೊಂಡು ಹೆಚ್ಚಿದಳು.

ಮೇಸ್ತ್ರಿಯನ್ನು ಕೂರಿಸಿಕೊಂಡು ಸೊಸೆ ಒಂದೊಂದೇ ಕೇಳಿ ಬರೆದುಕೊಂಡಳು. ಮಂಚಕ್ಕೆ ಲಾರಿಯಲ್ಲಿ ಎಷ್ಟು ಜಾಗ, ಫ್ರಿಜ್ಜಿಗೆ ಎಷ್ಟು. ಲಿಫ್ಟ್ ಇಲ್ಲದ ಮಹಡಿಗೆ ಎಷ್ಟು ಜಾಸ್ತಿ. "ಪಿಯಾನೋ ಬಂದ್ರೆ?" ಎಂದಾಗ ಮೇಸ್ತ್ರಿ, "ಪಿಯಾನೋ ಬಂದ್ರೆ ಆ ದಿನ ನನಗೆ ಜ್ವರ ಅಂತ ಬರ್ಕೊಳ್ಳಿ," ಎಂದ. ಜಾಗಕ್ಕೊಂದು ರೇಟು, ದೂರಕ್ಕೊಂದು, ಹಮಾಲರ ಗಂಟೆಗೊಂದು, ಲಾರಿ ಓಡಿಸುವವನಿಗೊಂದು, ಡಬ್ಬಕ್ಕೊಂದು. ಒಟ್ಟಿನ ಮೇಲೆ ಯಜಮಾನರ ಮೇಲ್ವಿಚಾರಣೆಗೆ ನೂರಕ್ಕೆ ಎಂಟು. ಪಟ್ಟಿ ತುಂಬಿಸಿದರೆ ಬಿಲ್ಲು ಗಿರಾಕಿಯ ಫೋನಿಗೆ ಹೋಗುತ್ತದೆ. ಶನಿವಾರ ಅದೇ ಲೆಕ್ಕದಿಂದ ಕೂಲಿಯ ಪಟ್ಟಿಯೂ ತಾನಾಗಿ ಹೊರಬರುತ್ತದೆ.

ಪರೀಕ್ಷೆಗೆಂದು ಮೂರು ಮನೆಗಳಲ್ಲಿ ಯಜಮಾನರ ಕಣ್ಣಳತೆ ಒಂದು ಕಡೆ, ಸೊಸೆಯ ಸೂತ್ರ ಒಂದು ಕಡೆ ಇಟ್ಟು ನೋಡಿದರು. ಎರಡು ಮನೆಗಳಲ್ಲಿ ಇನ್ನೂರು ಮುನ್ನೂರರ ವ್ಯತ್ಯಾಸ. ಮೂರನೆಯದರಲ್ಲಿ ಯಜಮಾನರು ಮೂರು ಸಾವಿರ ಕಡಿಮೆ ಹೇಳಿದ್ದರು.

"ಆ ಮನೆಯವರು ಏನಂದ್ರು ಮಾವ?" ಎಂದು ಸೊಸೆ ಮೆಲ್ಲಗೆ ಕೇಳಿದಳು.

"ಈ ವಯಸ್ಸಲ್ಲೂ ಎಷ್ಟು ಗಟ್ಟಿಮುಟ್ಟಾಗಿದ್ದೀರಿ ಅಂದ್ರು," ಎಂದು ಯಜಮಾನರು ಗೋಡೆ ನೋಡಿದರು. ಆಮೇಲೆ ಸೂತ್ರದ ತಂಟೆಗೆ ಅವರು ಬರಲಿಲ್ಲ. ಯಾರಾದರೂ ಚೌಕಾಸಿಗೆ ಇಳಿದರೆ, "ನನ್ನ ಕೈಲಿಲ್ಲ ಸ್ವಾಮಿ, ಕಂಪ್ಯೂಟರ್ ಒಪ್ಪಲ್ಲ," ಎಂದು ಹೇಳುವುದು ಅವರಿಗೆ ಹಿತವಾಗಿಯೂ ಕಂಡಿತು.

ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದ ಗಾಜಮ್ಮನ ಪಕ್ಕ ಸೊಸೆ ಬಂದು ಕೂತಳು.

"ಅತ್ತೆ, ಒಂದು ಅಡುಗೆಮನೆ ಕಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ನೀನೂ ಬರ್ತೀಯಲ್ಲೇ. ನಿನಗೆ ಗೊತ್ತಿಲ್ವಾ?"

"ನನಗೆ ಗೊತ್ತಿರೋದು ಆರು ವರ್ಷದ್ದು. ನಿಮಗೆ ಇಪ್ಪತ್ತಾರು ವರ್ಷದ್ದು ಗೊತ್ತು."

ಅಂಥ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ಗಾಜಮ್ಮ ಮಡಿಸಿದ ಲಂಗವನ್ನು ಮತ್ತೊಮ್ಮೆ ಮಡಿಸಿದಳು. ಆಮೇಲೆ ಶುರುಮಾಡಿದವಳು ನಿಲ್ಲಿಸಲಿಲ್ಲ. ನಾಲ್ಕು ಜನರ ಮನೆಯಾದರೆ ಐದು ಗಂಟೆ. ಮದುವೆಯಾಗಿ ವರ್ಷವಾಗದವರದಾದರೆ ಮೂರೇ, ಉಡುಗೊರೆ ಇನ್ನೂ ಡಬ್ಬದಲ್ಲೇ ಇರುತ್ತವೆ. ಮುದುಕರ ಮನೆಯಾದರೆ ಏಳು. ಪ್ರತಿ ಬಟ್ಟಲಿಗೂ ಒಂದು ಕತೆ, ಕತೆ ಕೇಳದೆ ಬಟ್ಟಲು ಕೊಡುವುದಿಲ್ಲ. ತಟ್ಟೆಗಳನ್ನು ಎಂದೂ ಮಲಗಿಸಬಾರದು, ನಿಲ್ಲಿಸಬೇಕು. ಎಣ್ಣೆಯ ಬಾಟಲಿಗೂ ಸಕ್ಕರೆಯ ಡಬ್ಬಕ್ಕೂ ಸಂಬಂಧ ಬೆಳೆಸಬಾರದು. ಸೊಸೆ ನಗುತ್ತಾ ಎಲ್ಲವನ್ನೂ ಬರೆದುಕೊಂಡಳು. ಸಂಜೆ ಸೂತ್ರಕ್ಕೆ ಹೊಸ ಸಾಲು ಸೇರಿತು: ಅಡುಗೆಮನೆ ಪ್ಯಾಕಿಂಗ್, ಒಬ್ಬರಿಗೆ ಗಂಟೆಗೆ ನೂರು.

ಆ ವಾರವೇ ಒಂದು ಕೆಲಸ ಬಂತು. ನಾಲ್ಕು ಜನರ ಮನೆ, ಎರಡನೇ ಮಹಡಿ. ಅತ್ತೆ ಸೊಸೆ ಇಬ್ಬರೂ ಬೆಳಿಗ್ಗೆಯಿಂದ ಬಗ್ಗಿ ಕೂತು ಕಟ್ಟಿದರು. ಕೊನೆಯ ಲೋಟಗಳು ಉಳಿದಿದ್ದಾಗ ಆ ಮನೆಯಾಕೆ ಫೋನು ನೋಡುತ್ತಾ ಒಳಗೆ ಬಂದಳು.

"ಬಿಲ್ಲು ಬಂತು ನೋಡಿ, ಎಷ್ಟು ಚೆನ್ನಾಗಿ ಬಿಡಿಸಿ ಬರ್ದಿದಾರೆ," ಎಂದಳು. "ಅಡುಗೆಮನೆ ಪ್ಯಾಕಿಂಗ್, ಇಬ್ಬರು, ಐದೈದು ಗಂಟೆ, ರೇಟು ಸೊನ್ನೆ, ಮೊತ್ತ ಸೊನ್ನೆ. ಓಹೋ, ನಿಮ್ಮದು ಫ್ರೀನಾ! ಹಾಗಾದ್ರೆ ಹಾಲ್‌ನಲ್ಲಿರೋ ಶೋಕೇಸೂ ಕಟ್ಟಿಬಿಡಿ. ಹೇಗೂ ದುಡ್ಡಿಲ್ಲವಲ್ಲ."

ಗಾಜಮ್ಮ ಸೊಸೆಯ ಮುಖ ನೋಡಿದಳು. ಸೊಸೆಯ ಮುಖ ಕೆಂಪೇರಿತ್ತು. "ನಾನು ನೂರು ಹಾಕಿದ್ದೆ ಅತ್ತೆ," ಎಂದಳು. "ಯಾರೋ ಬದಲಾಯಿಸಿದಾರೆ."

ಗಾಜಮ್ಮ ಉಳಿದ ಲೋಟಗಳನ್ನು ಒಂದೂ ಬಿಡದೆ ಸುತ್ತಿ, ಡಬ್ಬ ಮುಚ್ಚಿ, ಅಂಟುಪಟ್ಟಿ ಎಳೆದಳು. ಮಂಡಿ ಹಿಡಿದು ಎದ್ದಳು.

"ಶೋಕೇಸು ನೀವೇ ಕಟ್ಕೊಳ್ಳಿ ತಾಯಿ. ಫ್ರೀ ಕೈ ಇಲ್ಲಿಗೆ ಮುಗೀತು," ಎಂದು ಹೊರಗೆ ನಡೆದಳು. ಲಾರಿ ಹತ್ತಲಿಲ್ಲ. ಮನೆಯವರೆಗೂ ನಡೆದೇ ಬಂದಳು. ಸೊಸೆ ಹಿಂದೆ ಹಿಂದೆ.

ಯಜಮಾನರು ಆಫೀಸಿನಲ್ಲಿದ್ದರು. ಮಗನೂ ಬಂದ.

"ಸೊನ್ನೆ ಹಾಕಿದ್ದು ಯಾರು?" ಎಂದಳು ಗಾಜಮ್ಮ.

ಮಗ ಅಪ್ಪನ ಕಡೆ ನೋಡಿದ. "ಅಪ್ಪ ಹೇಳಿದ್ರು. ನಾನು ಫೋನಲ್ಲೇ ಬದಲಾಯಿಸಿದೆ."

"ಹೌದು, ನಾನೇ ಹೇಳಿದ್ದು," ಎಂದರು ಯಜಮಾನರು. "ಬಿಲ್ಲಲ್ಲಿ ಸಾವಿರ ಕಡಿಮೆ ಕಂಡ್ರೆ ಗಿರಾಕಿಗೂ ಖುಷಿ. ಮತ್ತೆ, ಮನೆಯವರಿಗೂ ಕೂಲಿನಾ? ಎಲ್ಲಾದ್ರೂ ಉಂಟಾ?"

"ನೀವು ಮನೆಯವರಲ್ವಾ? ಕೈ ಹಿಂದೆ ಕಟ್ಕೊಂಡು ಸುತ್ತು ಹಾಕೋದಕ್ಕೆ ನೂರಕ್ಕೆ ಎಂಟು ಇದೆ. ಇವನು ಮನೆಯವನಲ್ವಾ? ಸ್ಟೇರಿಂಗ್ ಹಿಡಿಯೋದಕ್ಕೆ ರೇಟಿದೆ. ರಟ್ಟಿನ ಡಬ್ಬಕ್ಕೂ ರೇಟಿದೆ ಕಣ್ರೀ. ಡಬ್ಬ ತುಂಬಿದ ಕೈಗೆ ಸೊನ್ನೆ."

"ಇಷ್ಟು ವರ್ಷ ಕೇಳಿದ್ಯಾ?"

"ಇಷ್ಟು ವರ್ಷ ನೀವು ಏನೂ ಬರೆದಿರಲಿಲ್ಲ. ಬರೆಯದೆ ಇದ್ದಾಗ ಮನೆ ಕೆಲಸ ಅಂದ್ಕೊಂಡೆ. ಈಗ ಸೊನ್ನೆ ಅಂತ ಬರ್ದು ಊರೆಲ್ಲ ಕಳಿಸಿದ್ದೀರಿ."

"ಈ ಮನೆ ಯಾರದು? ನಿಂದಲ್ವಾ?"

"ನಂದೇ ಆದ್ರೆ ಹೋದ ವರ್ಷ ಮಣಿಕಟ್ಟು ಊದಿದಾಗ ಡಾಕ್ಟರ ಫೀಸಿಗೆ ಮೂರು ಸಲ ಯಾಕೆ ಕೇಳಿಸ್ಕೊಂಡ್ರಿ? ಹಮಾಲರ ಸೊಂಟ ಉಳುಕಿದ್ರೆ ಅವತ್ತೇ ಕೊಡ್ತೀರಿ."

"ಅಮ್ಮಾ, ಸಾಕು ಬಿಡಮ್ಮ," ಎಂದ ಮಗ.

"ನೀನು ಬಾಯಿ ಮುಚ್ಚು. ಸೊನ್ನೆ ಒತ್ತಿದ ಬೆರಳು ನಿಂದೇ."

ಯಜಮಾನರಿಗೂ ಸಿಟ್ಟು ನೆತ್ತಿಗೇರಿತು. "ಹೋಗಬೇಡ ಹಾಗಾದ್ರೆ. ನೀನಿಲ್ಲ ಅಂತ ಲಾರಿ ನಿಲ್ಲುತ್ತಾ? ಬೇರೆಯವರನ್ನ ಇಡ್ತೀನಿ."

"ಇಡಿ," ಎಂದು ಗಾಜಮ್ಮ ಒಳಗೆ ಹೋಗಿ ಕುಕ್ಕರ್ ಇಟ್ಟಳು.

ಊಟಕ್ಕೆ ಕೂತಾಗ ಯಜಮಾನರು ಬಟ್ಟಲು ನೋಡಿ, "ಮನೆ ಅಡುಗೆಗೆ ರೇಟು ಹಾಕಿಲ್ಲ ತಾನೆ?" ಎಂದರು.

"ಇನ್ನೂ ಹಾಕಿಲ್ಲ," ಎಂದಳು ಗಾಜಮ್ಮ.

ಮರುದಿನ ಇನ್ನೊಂದು ಸುದ್ದಿ ಗೊತ್ತಾಯಿತು. ಮಗ ಬಿಲ್ಲು ಕಳಿಸಲು ಹೋದರೆ ಅದು ಹೊರಡಲೇ ಇಲ್ಲ.

"ಏನು ಮಾಡಿಟ್ಟಿದ್ದೀಯಾ ಇದಕ್ಕೆ?" ಎಂದು ಹೆಂಡತಿಯನ್ನು ಕೇಳಿದ.

"ಪ್ಯಾಕಿಂಗ್ ಗಂಟೆ ತುಂಬಿಸಿ ರೇಟು ಸೊನ್ನೆ ಹಾಕಿದ್ರೆ ಬಿಲ್ಲು ಹೋಗಲ್ಲ. ನಿನ್ನೆ ರಾತ್ರಿ ಸೂತ್ರದಲ್ಲಿ ಹಾಗೆ ಬರ್ದಿದ್ದೀನಿ."

"ತೆಗಿ ಅದನ್ನ."

"ತೆಗೆಯೋದು ಗೊತ್ತಿದ್ರೆ ನೀವೇ ತೆಗೀರಿ," ಎಂದು ಅವಳು ಮಗುವನ್ನು ಶಾಲೆಗೆ ಬಿಡಲು ಹೋದಳು.

ಅವನಿಗೆ ಗೊತ್ತಿರಲಿಲ್ಲ. ಯಜಮಾನರು ಹಳೆಯ ಬಿಲ್ ಪುಸ್ತಕ ಹುಡುಕಿ ಕೈಯಲ್ಲೇ ಬರೆದು ಕೊಟ್ಟರು. ಗಿರಾಕಿ ಅದನ್ನು ತಿರುಗಿಸಿ ಮುರುಗಿಸಿ, "ಫೋನಿಗೆ ಬರೋದು ಕಳ್ಸಿ ಸರ್, ಇದನ್ನ ನಮ್ಮ ಆಫೀಸಲ್ಲಿ ಒಪ್ಪಲ್ಲ," ಎಂದು ವಾಪಸು ಕೊಟ್ಟ.

ಪ್ಯಾಕಿಂಗಿಗೆ ಹೊರಗಿನಿಂದ ಇಬ್ಬರು ಗಂಡಸರು ಬಂದರು. ಏನಾದರೂ ಒಡೆದು ಹಾಕುತ್ತಾರೆ, ಯಜಮಾನರಿಗೆ ಬುದ್ಧಿ ಬರುತ್ತದೆ ಎಂದು ಗಾಜಮ್ಮ ಒಳಗೊಳಗೇ ಕಾದಳು. ಅವರು ಏನೂ ಒಡೆಯಲಿಲ್ಲ. ಐದು ಗಂಟೆಯ ಕೆಲಸಕ್ಕೆ ಏಳು ಗಂಟೆ ತೆಗೆದುಕೊಂಡರು, ಎರಡು ಸಲ ಚಹಾ ಕೇಳಿದರು, ಅಷ್ಟೇ. ಆದರೆ ಅವರ ಬಾಯಲ್ಲಿ ಬಂದ ರೇಟು ಗಂಟೆಗೆ ನೂರಿಪ್ಪತ್ತು. ಯಜಮಾನರು ಗೊಣಗುತ್ತಲೇ ಒಪ್ಪಿದರು. ಸೊಸೆ ಸೂತ್ರದಲ್ಲಿ ನೂರಿಪ್ಪತ್ತು ಹಾಕಿದಳು. ಬಿಲ್ಲು ಸರಾಗವಾಗಿ ಹೊರಟಿತು, ಗಿರಾಕಿಯೂ ತುಟಿ ಪಿಟಕ್ಕೆನ್ನದೆ ದುಡ್ಡು ಹಾಕಿದ.

"ನೋಡಿದ್ರಾ ಅತ್ತೆ, ಒಡೀಲಿಲ್ಲ ಅವರು," ಎಂದಳು ಸೊಸೆ, ಪಾತ್ರೆ ಒರೆಸುತ್ತಾ.

"ಒಡೀದೆ ಇದ್ದಿದ್ದೇ ಒಳ್ಳೇದಾಯ್ತು," ಎಂದಳು ಗಾಜಮ್ಮ. "ಒಡೆದಿದ್ರೆ ನನ್ನ ಕೈಗುಣ ಹೊಗಳಿ, ಎರಡು ಸಿಹಿ ಮಾತಾಡಿ, ಮತ್ತೆ ಸೊನ್ನೆಗೇ ಕರ್ಕೊಂಡು ಹೋಗ್ತಿದ್ರು. ಈಗ ಯಾರು ಮಾಡಿದ್ರೂ ಆ ಕೆಲಸಕ್ಕೆ ರೇಟಿದೆ ಅಂತಾಯ್ತಲ್ಲ."

ಮೂರು ವಾರ ಹೀಗೇ ಕಳೆಯಿತು. ಗಂಡಹೆಂಡಿರ ನಡುವೆ ಮಾತು ಮಗನ ಮೂಲಕ. "ಉಪ್ಪು ಜಾಸ್ತಿ ಅಂತ ಹೇಳು ನಿಮ್ಮಮ್ಮನಿಗೆ." "ಬಿಪಿ ಮಾತ್ರೆ ಮರೀಬೇಡಿ ಅಂತ ಹೇಳು ನಿಮ್ಮಪ್ಪನಿಗೆ." ಎದುರು ಬದುರು ಕೂತವರ ನಡುವೆ ಮಗ ಟಪಾಲಿನವನಾಗಿದ್ದ. ಒಂದು ದಿನ ಅವನು ರೇಗಿ, ತಟ್ಟೆ ಎತ್ತಿಕೊಂಡು ಹೋಗಿ ಲಾರಿಯಲ್ಲಿ ಕೂತು ಉಂಡ.

ಆಗ ಬಂತು ಕಾಲೇಜಿನ ಕೆಲಸ. ರಸಾಯನಶಾಸ್ತ್ರದ ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೋಗಬೇಕಿತ್ತು. ನಾಲ್ಕು ಸಾವಿರಕ್ಕೂ ಮಿಕ್ಕಿದ ಗಾಜು: ಕೊಳವೆ, ಬುರುಡೆ, ಕೂದಲೆಳೆಯಂಥ ನಳಿಗೆ. ಹೊರಗಿನ ಇಬ್ಬರೂ ಬಂದು ನೋಡಿ, "ಒಡೆದ್ರೆ ನಮ್ಮ ತಲೆಗೆ ಬರುತ್ತೆ, ಬೇಡ ಸಾರ್," ಎಂದು ಹೊರಟೇಹೋದರು. ಅದು ಕಂಪನಿಗೆ ಆ ವರ್ಷದಲ್ಲೇ ದೊಡ್ಡ ಕೆಲಸ.

ಯಜಮಾನರು ಅಡುಗೆಮನೆಯ ಬಾಗಿಲಿಗೆ ತಾವೇ ಬಂದು ನಿಂತರು.

"ಕಾಲೇಜಿನದು ಬಂದಿದೆ."

"ಕೇಳಿದೆ."

"ನಾಲ್ಕು ದಿನದ ಕೆಲಸ. ನೀನು ಬಂದ್ರೆ ಆಗುತ್ತೆ."

"ರೇಟು?"

ಯಜಮಾನರು ಮೀಸೆಯ ತುದಿ ಮುಟ್ಟಿದರು. "ಬಿಲ್ಲಲ್ಲಿ ನೂರಿಪ್ಪತ್ತು ಹಾಕಿಸ್ತೀನಿ. ಆಯ್ತಾ?"

ಗಾಜಮ್ಮ ಒಪ್ಪಿದಳು. ನಾಲ್ಕು ದಿನವೂ ಅತ್ತೆ ಸೊಸೆ ಪ್ರಯೋಗಾಲಯದ ನೆಲದ ಮೇಲೆ ಪತ್ರಿಕೆ, ಹತ್ತಿ, ಹಳೆಯ ಬಟ್ಟೆ ಹರಡಿಕೊಂಡು ಕೂತರು. ಕೂದಲೆಳೆಯ ನಳಿಗೆಗಳನ್ನು ಗಾಜಮ್ಮ ಹತ್ತಿಯಲ್ಲಿ ಸುತ್ತಿ, ನೀರಿನ ಪೈಪಿನ ತುಂಡುಗಳೊಳಗೆ ತೂರಿಸಿ ಕಟ್ಟಿದಳು. ಅಲ್ಲಿನ ಮೇಷ್ಟರು ಬಾಯಿ ಬಿಟ್ಟುಕೊಂಡು ನೋಡಿದರು. ಹೊಸ ಕಟ್ಟಡದಲ್ಲಿ ಬಿಚ್ಚಿ ಎಣಿಸಿದಾಗ ಎರಡು ಕೊಳವೆ ಒಡೆದಿದ್ದವು. ಕಾಲೇಜು ಬಿಲ್ಲಿನ ದುಡ್ಡನ್ನು ಶುಕ್ರವಾರವೇ ಕಳಿಸಿತು.

ಶನಿವಾರ ಊಟದ ಹೊತ್ತಿಗೆ ಗಾಜಮ್ಮ ಕೇಳಿದಳು, "ನಮ್ಮದು ಯಾವಾಗ ಕೊಡ್ತೀರಿ?"

"ಯಾವುದು?"

"ನೂರಿಪ್ಪತ್ತರದು."

ಯಜಮಾನರು ನಕ್ಕರು. "ಬಿಲ್ಲಲ್ಲಿ ಹಾಕಿಸ್ತೀನಿ ಅಂದೆ, ಹಾಕಿಸಿದೆ. ಬಂದ ದುಡ್ಡು ಮನೆಗೇ ತಾನೆ ಬಂದಿದ್ದು? ಈ ಜೇಬಿಂದ ಆ ಜೇಬಿಗೆ ಯಾಕೆ?"

"ನನಗೆ ಜೇಬೇ ಇಲ್ವಲ್ರೀ," ಎಂದಳು ಗಾಜಮ್ಮ.

ಸೊಸೆ ಏನೋ ಹೇಳಹೊರಟಳು. ಗಾಜಮ್ಮ ಅವಳ ಕೈ ಅದುಮಿದಳು. "ಕೂಲಿ ಪಟ್ಟಿ ತೆಗೆದ್ಯಾ?"

"ಬೆಳಿಗ್ಗೇನೇ ಮೇಸ್ತ್ರಿ ಕೈಗೆ ಕೊಟ್ಟೆ."

"ನಮ್ಮದು ಇದೆಯಾ ಅದರಲ್ಲಿ?"

"ಬಿಲ್ಲಲ್ಲಿ ಇದ್ದವರೆಲ್ಲ ಇರ್ತಾರೆ ಅತ್ತೆ."

ನಾಲ್ಕು ಗಂಟೆಗೆ ಆಫೀಸಿನಲ್ಲಿ ಕೂಲಿ ಬಟವಾಡೆ. ಯಜಮಾನರು ಮೇಜಿನ ಹಿಂದೆ, ಪಕ್ಕದಲ್ಲಿ ಪಟ್ಟಿ ಓದುವ ಮೇಸ್ತ್ರಿ, ಮುಂದೆ ಹಮಾಲರ ಸಾಲು. ಸಾಲಿನ ಬಾಲ ಬೀದಿಯವರೆಗೆ. ಗಾಜಮ್ಮ ಕೈ ತೊಳೆದು, ತಲೆ ಬಾಚಿ, ಚಪ್ಪಲಿ ಮೆಟ್ಟಿದಳು. ಒಳಬಾಗಿಲಿಂದ ಆಫೀಸಿಗೆ ನಾಲ್ಕು ಹೆಜ್ಜೆ. ಆಕೆ ಆ ಕಡೆ ಹೋಗಲಿಲ್ಲ. ಹಿತ್ತಲ ಬಾಗಿಲಿಂದ ಹೊರಬಿದ್ದು, ಮನೆ ಸುತ್ತಿ ಬೀದಿಗೆ ಬಂದು, ಸಾಲಿನ ಕೊನೆಯಲ್ಲಿ ನಿಂತಳು. ಸೊಸೆ ಆಕೆಯ ಹಿಂದೆ ನಿಂತಳು.

ಮುಂದಿದ್ದ ಹಮಾಲ ತಿರುಗಿ ನೋಡಿ ಗಾಬರಿಯಾದ. "ಅಮ್ಮಾವ್ರೇ, ನೀವು ಮುಂದೆ ಹೋಗಿ."

"ಬೇಡಪ್ಪ. ಸರದಿ ಅಂದ್ರೆ ಸರದಿ."

ಸಾಲು ಮುಂದೆ ಸರಿಯಿತು. ಪೇಟೆಯಿಂದ ಬರುತ್ತಿದ್ದ ಪಕ್ಕದ ಮನೆಯವರು ಚೀಲ ಹಿಡಿದು ನಿಂತು ನೋಡಿದರು. ಗಾಜಮ್ಮ ಅವರಿಗೆ ತಲೆಯಾಡಿಸಿದಳು. ಆರನೆಯ ಹಮಾಲ ಸಹಿ ಹಾಕಿ ಪಕ್ಕಕ್ಕೆ ಸರಿದಾಗ ಮೇಸ್ತ್ರಿ ಮುಂದಿನ ಸಾಲು ಓದಲು ಹೋಗಿ ತಡವರಿಸಿದ. ಯಜಮಾನರು ತಲೆ ಎತ್ತಿದರು.

"ಇಲ್ಲೇನು ಮಾಡ್ತಿದ್ದೀಯಾ?" ಎಂದರು, ದನಿ ತಗ್ಗಿಸಿ. "ಒಳಗೆ ಹೋಗು. ಒಳಗೇ ಕೊಡ್ತೀನಿ."

"ಒಳಗೆ ಬೇಡ. ಎಲ್ಲರಿಗೂ ಎಲ್ಲಿ ಕೊಟ್ರೋ ಅಲ್ಲೇ ಕೊಡಿ."

"ಜನ ನೋಡ್ತಿದಾರೆ ಕಣೇ. ಹೆಂಡ್ತಿಗೆ ಕೂಲಿ ಕೊಡ್ತಾನೆ ಅಂತ ನಗ್ತಾರೆ."

"ಹೆಂಡ್ತಿ ಕೂಲಿ ಜೇಬಿಗಿಳಿಸಿದ ಅಂತ ನಗೋದಕ್ಕಿಂತ ವಾಸಿ." ಆಕೆಯ ದನಿ ತಗ್ಗಿರಲಿಲ್ಲ. ಹಮಾಲರಲ್ಲಿ ಯಾರೂ ಕದಲಲಿಲ್ಲ. ದುಡ್ಡು ಸಿಕ್ಕವರೂ ಹೋಗದೆ ನಿಂತಿದ್ದರು. "ಓದು ಮೇಸ್ತ್ರಿ. ಏನು ಬರ್ದಿದೆಯೋ ಅದನ್ನ ಓದು."

ಮೇಸ್ತ್ರಿ ಯಜಮಾನರ ಮುಖ ನೋಡಿದ. ಅಮ್ಮಾವ್ರ ಮುಖ ನೋಡಿದ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಓದಿದ: "ಗಾಜಮ್ಮ, ಪ್ಯಾಕಿಂಗ್, ಮೂವತ್ತೆರಡು ಗಂಟೆ, ನೂರಿಪ್ಪತ್ತರಂತೆ ಮೂರು ಸಾವಿರದ ಎಂಟುನೂರಾ ನಲವತ್ತು."

ಮಗ ಬಾಗಿಲಿಗೆ ಒರಗಿ ನಿಂತಿದ್ದ. "ಕೊಡಿ ಅಪ್ಪ," ಎಂದ. "ಪಟ್ಟಿ ತಪ್ಪಿದ್ರೆ ಸೋಮವಾರ ಯಾವ ಲೆಕ್ಕವೂ ಕೂಡಲ್ಲ."

ಯಜಮಾನರು ಡ್ರಾಯರ್ ಎಳೆದರು. ನೋಟುಗಳನ್ನು ಎಣಿಸಿ, ಮಡಿಸಿ, ಮೇಜಿನ ಅಂಚಿಗೆ ತಳ್ಳಿದರು.

"ಸರಿಯಾಗಿದೆ. ಎಣಿಸೋದೇನೂ ಬೇಡ."

ಗಾಜಮ್ಮ ಮಡಿಕೆ ಬಿಚ್ಚಿದಳು. ಒಂದೊಂದೇ ನೋಟನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಎಣಿಸಿದಳು. ಅವಸರ ಮಾಡಲಿಲ್ಲ. ಸರಿಯಾಗಿತ್ತು. ಬಗ್ಗಿ ಪಟ್ಟಿಯಲ್ಲಿ ಸಹಿ ಹಾಕಿದಳು. ಹಮಾಲರು ಇಟ್ಟ ಹೆಸರಿನ ಮುಂದೆ ತನ್ನ ನಿಜವಾದ ಹೆಸರನ್ನು ಪೂರ್ತಿಯಾಗಿ, ದೊಡ್ಡ ಅಕ್ಷರಗಳಲ್ಲಿ ಬರೆದಳು. ಅದು ಪಕ್ಕದ ಕಾಲಮ್ಮಿಗೂ ದಾಟಿತು.

ಯಜಮಾನರು ಪಟ್ಟಿಯಿಂದ ಕಣ್ಣೆತ್ತಲಿಲ್ಲ. ಪ್ರತಿ ಶನಿವಾರದ ಅದೇ ಒರಟು ದನಿಯಲ್ಲಿ ಕರೆದರು:

"ಮುಂದಿನವರು ಬನ್ನಿ."

ಸೊಸೆ ಮುಂದೆ ಬಂದಳು.